ತುತ್ತೂರಿಯೂ ಮಂದ್ರಸ್ವರವೂ

ಚಿತ್ರದುರ್ಗದ ಕೋಟೆಯ ಕಥೆಯನ್ನು ಕೇಳಿದವರೆಲ್ಲರಿಗೂ ಓಬವ್ವನ ಒನಕೆ ನೆನಪಿರುವುದು. ಅವಳ ಗಂಡನ ಕಹಳೆಯನ್ನು ನೆನೆಯುವವರು ಅಪೂರ್ವ. ಮದಕರಿನಾಯಕನ ಕಾಲದಲ್ಲಿ ಹೈದರಾಲಿಯ ದಂಡು ದುರ್ಗವನ್ನು ಮುತ್ತಿದ್ದಾಗ ಕಾವಲಿನ ಮುದ್ದಹನುಮನು ಊಟಕ್ಕೆಂದು ಮನೆಗೆ ಬಂದಿದ್ದನೆಂದೂ, ನೀರಿಗೆ ಹೋದ ಓಬವ್ವೆಯು ಕಿಂಡಿಯಲ್ಲಿ ನುಸುಳುತ್ತಿದ್ದ ಹಗೆಗಳನ್ನು ಒಬ್ಬೊಬ್ಬರನ್ನಾಗಿ ಒನಕೆಯಿಂದ ಬಡಿದಳೆಂದೂ, ಅದನ್ನು ಕಂಡ ಗಂಡನು ಕಹಳೆಯೂದಿ ದುರ್ಗದ ದಂಡನ್ನು ಎಚ್ಚರಿಸಿದನೆಂದೂ ಜನರು ಹೇಳುತ್ತ ಬಂದಿದ್ದಾರೆ. ದುರ್ಗವು 1779ರಲ್ಲಿ ಹೈದರನ ವಶವಾಯಿತು. ಕಥೆಯ ವಿವರಗಳನ್ನು ಚರಿತ್ರಕಾರರು ತೂಗಿ ನೋಡಲಿ. ನಮಗೆ ಈಗ ಬೇಕಾದುದು ಕಹಳೆ ಮಾತ್ರ. ಒಬ್ಬ ಮನುಷ್ಯನ ಉಸಿರು ಬಂಡೆಗಳ ಸಂದಿಗೊಂದಿಗಳನ್ನು ಹಾಯ್ದು ಕೋಟೆಯ ಸುತ್ತುಗಳಿಗೆ ಮುಟ್ಟುವುದು ಹೇಗೆ? ಅದೇ ಉಸಿರಿನಿಂದ ಆತನು ಗಂಟಲು ಹರಿಯುವಂತೆ ಕೂಗಿದ್ದರೂ ಅಷ್ಟು ದೂರ ಕೇಳಿಸುತ್ತಿರಲಿಲ್ಲ.

ಇದರ ರಹಸ್ಯವನ್ನು ಹಿರಿಯೂರಿನ ಕಡೆಯ ರೈತನು ಬೇಗ ಗ್ರಹಿಸಬಲ್ಲನು. ಮಾರಿ ಕಣಿವೆಯ ಅಣೆಕಟ್ಟು 1907ರಲ್ಲಿ ಮುಗಿದು ವಾಣೀವಿಲಾಸ ಸಾಗರವೆನಿಸಿತಷ್ಟೆ. ಇಕ್ಕಟ್ಟಾದ ತೂಬಿನಿಂದ ರಭಸವಾಗಿ ಬರುವ ನೀರನ್ನು ಒಮ್ಮೆಲೇ ಅಗಲವಾದ ಕಾಲುವೆಗೆ ಬಿಟ್ಟರೆ ಅದು ಸುಳಿಸುತ್ತಿ ತನ್ನ ಬಲವನ್ನು ಅಲ್ಲಿಯೇ ಕಳೆದುಕೊಳ್ಳುವುದು. ದಡಗಳನ್ನು ಮೆಲ್ಲಮೆಲ್ಲನೆ ಹಿಗ್ಗಿಸಿದರೆ ನೆಮ್ಮದಿಯಾಗಿ ಹರಿಯುವುದು. ಶಬ್ದವು ನೀರಿನಂತೆ ಹರಿಯುವ ವಸ್ತುವಲ್ಲ, ಅಲೆಯ ರೂಪದ ಚಲನೆ. ಉಪಮಾನವನ್ನು ಬಹಳ ದೂರ ಎಳೆಯಬಾರದು. ಆದರೂ ಇಷ್ಟು ಸಾಮ್ಯವುಂಟು. ತುಟಿಯ ಸಣ್ಣ ಅದುರಿಗೆ ಹೊರಗಿನ ಅಪಾರವಾದ ಗಾಳಿಯು ಸಿಕ್ಕುವುದೇ ಇಲ್ಲ. ಅದುರಿದ ಶಕ್ತಿಯ ಬಹುಭಾಗ ಹಿಂದಕ್ಕೆ ಮರಳುವುದು. ನಡುವೆ ಕ್ರಮಕ್ರಮವಾಗಿ ಅಗಲಿಸುವ ಕೊಳವೆಯೊಂದನ್ನಿಟ್ಟರೆ ಇಕ್ಕಟ್ಟಿನ ಒತ್ತಡವು ವಿಸ್ತಾರದ ಗಾಳಿಗೆ ಹಂತಹಂತವಾಗಿ ಒಪ್ಪಿಸಲ್ಪಡುವುದು. ತುತ್ತೂರಿಯು ಹೊಸ ಶಕ್ತಿಯನ್ನೇನೂ ಹುಟ್ಟಿಸುವುದಿಲ್ಲ. ಇದ್ದುದು ಪೋಲಾಗದಂತೆ ನೋಡಿಕೊಳ್ಳುವುದು, ಮತ್ತು ಅದನ್ನು ಒಂದು ದಿಕ್ಕಿಗೆ ತಿರುಗಿಸುವುದು.

ಆದರೆ ಈ ಉಪಕಾರಕ್ಕೆ ಅದು ಸುಂಕವನ್ನು ವಸೂಲು ಮಾಡುವುದು. ಆ ಸುಂಕವೇ ಮಂದ್ರಸ್ವರ. ಅಂಗಡಿಯ ಮಾತಿನಲ್ಲಿ ಹೇಳುವುದಾದರೆ, ಹಾರನ್ನಿನಲ್ಲಿ ಬೇಸ್ ಬರುವುದಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಹಳೆಯ ಧ್ವನಿವರ್ಧಕವೊಂದನ್ನು ಕೊಂಡು ತಂದು, ಮನೆಯಲ್ಲಿಯೇ ಅದಕ್ಕೊಂದು ಪೆಟ್ಟಿಗೆ ಕಟ್ಟಿ, ತಂಬೂರಿಯ ನಾದವನ್ನೋ ಡೊಳ್ಳಿನ ಗುಡುಗನ್ನೋ ಬರಿಸಲು ಯತ್ನಿಸುವ ಉತ್ಸಾಹಿಗಳಿಗಾಗಿ ಈ ಸುಂಕದ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ಹೇಳುವುದು ಉಚಿತವೆಂದು ನಮಗೆ ತೋರಿದೆ.

ಮೊದಲು ಸ್ವಲ್ಪ ಚರಿತ್ರೆ. ಎಡಿಸನ್ನನು 1877ರಲ್ಲಿ ಫೋನೋಗ್ರಾಫನ್ನು ಕಂಡುಹಿಡಿದನು. ಆ ವಂಶದ ಯಂತ್ರಗಳಲ್ಲಿ ಬಹುಕಾಲ ಹಾಡುವವರು ಒಂದು ತುತ್ತೂರಿಯ ಬಾಯಿಗೆ ಮುಖವಿಟ್ಟು ಹಾಡಬೇಕಾಗಿತ್ತು. ಕೇಳುವವರು ಇನ್ನೊಂದು ತುತ್ತೂರಿಯಿಂದ ಕೇಳಬೇಕಾಗಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನಳ ಗಾನವನ್ನು ತಟ್ಟೆಗೆ ಇಳಿಸಿದುದೂ ಹೀಗೆಯೇ. ಮಂದ್ರವು ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಇನ್ನೊಮ್ಮೆ, ಹೀಗೆ ಎರಡು ಸಲ ಸುಂಕ ತೆತ್ತಿತು. ಹಿಂದಿನ ಮಹಾವಿದ್ವಾಂಸರ ಶಾರೀರವು ಹಳೆಯ ತಟ್ಟೆಗಳಲ್ಲಿ ಕೀಚಲಾಗಿ ಕೇಳಿಸುವುದಕ್ಕೆ ಇದೇ ಮುಖ್ಯ ಕಾರಣ. ಅವರ ಕಂಠದ ದೋಷವೆಂದು ಯಾರೂ ಬಗೆಯಬಾರದು.

ತುತ್ತೂರಿಯನ್ನು ಪೆಟ್ಟಿಗೆಯೊಳಗೆ ಮಡಿಸಿ ಅಡಗಿಸುವ ಕ್ರಮವು 1906ರ ವಿಕ್ಟ್ರೋಲ ಯಂತ್ರದಿಂದ ಜನಪ್ರಿಯವಾಯಿತು. ಆಗ ಅದು ನೋಟದ ಅಂದಕ್ಕಾಗಿ. ವೆಬ್ಸ್ಟರನೆಂಬ ವಿಜ್ಞಾನಿಯು 1919ರಲ್ಲಿ ತುತ್ತೂರಿಯ ಗಣಿತವನ್ನು ಪ್ರಕಟಿಸಿದ ಬಳಿಕ ಕೆಲಸವು ಅಂದಾಜನ್ನು ಬಿಟ್ಟು ಲೆಕ್ಕಕ್ಕೆ ಬಂದಿತು. 1925ರ ಆರ್ಥೊಫೋನಿಕ್ ವಿಕ್ಟ್ರೋಲದಲ್ಲಿ ಉದ್ದನೆಯ ಕೊಳವೆಯನ್ನು ಲೆಕ್ಕಕ್ಕೆ ತಪ್ಪದಂತೆ ಮಡಿಸಿ ಇಟ್ಟಿದ್ದರು. ವಿದ್ಯುತ್ತಿನ ಸಹಾಯವಿಲ್ಲದೆ ಅದು ಕೊಟ್ಟ ಗಂಭೀರಧ್ವನಿಯನ್ನು ಕೇಳಿ ಜನರು ಬೆರಗಾದರು. ಅದೇ ವರ್ಷದಲ್ಲಿ ರೈಸ್ ಮತ್ತು ಕೆಲಾಗ್ ಎಂಬ ಅಮೆರಿಕದ ಇಬ್ಬರು ಎಂಜಿನಿಯರರು ಕಾಗದದ ಶಂಕುವನ್ನು ಸುರುಳಿತಂತಿಯಿಂದ ಅದುರಿಸುವ ಧ್ವನಿವರ್ಧಕವನ್ನು ವರ್ಣಿಸಿದರು. ಇಂದಿಗೂ ಮನೆಮನೆಯ ಪೆಟ್ಟಿಗೆಗಳಲ್ಲಿರುವುದು ಅದರ ಸಂತತಿಯೇ.

ನಮ್ಮ ಸೀಮೆಗೆ ಬಂದರೆ, ಕನ್ನಡದ ಮೊದಲನೆಯ ಮಾತಿನ ಚಿತ್ರವಾದ ‘ಸತಿ ಸುಲೋಚನಾ’ 1934ರಲ್ಲಿ ತೆರೆಗೆ ಬಂದಿತು. ಮರುವರ್ಷ, 1935ರಲ್ಲಿ, ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಮೂವತ್ತು ವಾಟ್ ಬಲದ ಪ್ರಸಾರಯಂತ್ರವನ್ನಿಟ್ಟು ಆಕಾಶವಾಣಿಯನ್ನು ಆರಂಭಿಸಿದರು. ಅವರು ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರು. ರೇಡಿಯೋ ಅವರ ಮನೆಯ ಹವ್ಯಾಸ. ಮನೆಯಲ್ಲಿ ಕುಳಿತು ತಂತಿ ತಿರುಚುವವರನ್ನು ಹಗುರವಾಗಿ ಕಾಣುವವರು ಇದನ್ನು ಮರೆಯದಿರಲಿ. ಮೈಕಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿನವರಿಗೂ ನಾದ ಮುಟ್ಟಲೆಂದು ಪಿಟೀಲು ಚೌಡಯ್ಯನವರು ಏಳು ತಂತಿಯ ಪಿಟೀಲನ್ನು ರೂಢಿಸಿದುದೂ ಇದೇ ಜಾತಿಯ ಸಾಹಸ.

ತಗಡಿನ ತುತ್ತೂರಿಯು ಜಾತ್ರೆಗೆ, ಟೆಂಟು ಸಿನಿಮಾಕ್ಕೆ, ಮದುವೆಯ ಚಪ್ಪರಕ್ಕೆ ಏರಿದ ಮೇಲೆ ಹಳ್ಳಿಯ ಜನರು ಅದನ್ನೇ ‘ಮೈಕು’ ಎಂದು ಕರೆದರು. ಹೆಸರು ತಪ್ಪಾದರೂ ಬಳಕೆ ಗಟ್ಟಿಯಾಯಿತು. ಸಣ್ಣ ಯಂತ್ರದಿಂದ ಮೈಲಿಗಟ್ಟಲೆ ಕೇಳಿಸುವ ಇದರ ಮಿತವ್ಯಯವು ಅಸಾಧಾರಣ, ಮಳೆಬಿಸಿಲಿಗೂ ಅಂಜುವುದಿಲ್ಲ. ಆದರೆ ಹಿರಿಯೂರಿನ ತೇರುಮಲ್ಲೇಶ್ವರನ ರಥೋತ್ಸವದಲ್ಲಿಯೋ ಹೊಳಲ್ಕೆರೆಯ ಬಯಲು ಗಣಪತಿಯ ಮುಂದೆಯೋ ಡೊಳ್ಳನ್ನು ಹತ್ತಿರದಿಂದ ಕೇಳಿ, ಬಳಿಕ ಅದೇ ಬಡಿತವನ್ನು ತಗಡಿನ ಬಾಯಿಂದ ಕೇಳಿದವನಿಗೆ ವ್ಯತ್ಯಾಸ ತಿಳಿಯದಿರದು. ಎದೆಗೆ ತಾಕುವ ಭಾಗವೆಲ್ಲ ಹೋಗಿ, ಕೋಲು ಚರ್ಮಕ್ಕೆ ತಗುಲಿದ ಸಪ್ಪಳ ಮಾತ್ರ ಉಳಿದಿರುವುದು. ಒಂದು ತಲೆಮಾರಿನವರು ಇದನ್ನೇ ಕೇಳುತ್ತ ಬೆಳೆದರೆ, ಕರ್ಕಶವಾದುದೇ ದೊಡ್ಡ ಶಬ್ದವೆಂಬ ಅಭಿರುಚಿ ನೆಲೆಯೂರುವುದು. ನಮ್ಮ ಚಿಂತೆ ಇದು.

ಇನ್ನು ಲೆಕ್ಕ. ಶಬ್ದವು ಸೆಕೆಂಡಿಗೆ ಸುಮಾರು 1130 ಅಡಿ ಚಲಿಸುವುದು. ಸೆಕೆಂಡಿಗೆ 300 ಕಂಪನಗಳ ಸ್ವರಕ್ಕೆ ಅಲೆಯ ಉದ್ದ ಪೌಣೆನಾಲ್ಕು ಅಡಿ. ಬಯಲಿನಲ್ಲಿ ನಿಂತ ತುತ್ತೂರಿಯ ಬಾಯ ಸುತ್ತಳತೆಯು ಅಲೆಯ ಉದ್ದಕ್ಕೆ ಸರಿಸಮವಾಗಿರಬೇಕೆಂಬುದು ಸ್ಥೂಲನಿಯಮ. ಅಂದರೆ ಹದಿನಾಲ್ಕು ಅಂಗುಲ ಅಡ್ಡಳತೆಯ ತಗಡಿನ ತುತ್ತೂರಿಯು 300 ಕಂಪನಗಳಿಂದ ಮೇಲಕ್ಕೆ ಮಾತ್ರ ನಿಷ್ಠೆಯಿಂದ ದುಡಿಯುವುದು. ಗಂಡಸಿನ ಮಾತಿನ ಮೂಲಸ್ವರವು ಸುಮಾರು 100ರ ಆಸುಪಾಸಿನದು. ಒಂದು ಮನೆ ಶ್ರುತಿಯ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿ ಅದುರುವುದು ಸುಮಾರು 65 ಸಲ. ಇವೆರಡೂ ತಗಡಿನ ಬಾಯಿಂದ ಹೊರಡುವುದೇ ಇಲ್ಲ. ಹಾಗಾದರೆ ಭಾಷಣಕಾರನು ಗಂಡಸೆಂದು ನಮಗೆ ಗೊತ್ತಾಗುವುದು ಹೇಗೆ? ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳ ಅನುಸ್ವರಗಳು ಸದಾ ಅದರ ಜೊತೆಗಿರುತ್ತವೆ. ಮೇಲಿನವುಗಳನ್ನು ಕೇಳಿದ ಕಿವಿಯು ಕೆಳಗಿನದನ್ನು ತಾನೇ ಊಹಿಸಿ ತುಂಬಿಕೊಳ್ಳುವುದು. ನಾವು ಜಾತ್ರೆಯಲ್ಲಿ ಕೇಳುವ ಮಂದ್ರದಲ್ಲಿ ಬಹುಪಾಲು ನಮ್ಮದೇ ಕಲ್ಪನೆಯೆಂದರೆ ಅತಿಶಯೋಕ್ತಿಯಾಗದು.

50 ಕಂಪನಗಳವರೆಗೆ ಇಳಿಯಬೇಕೆಂದು ಹಟ ಹಿಡಿದರೆ, ಬಾಯ ಅಡ್ಡಳತೆ ಏಳು ಅಡಿಯನ್ನು ಮೀರುವುದು. ಕೊಳವೆಯ ಒಳವಿಸ್ತಾರವು ಪ್ರತಿ ಹದಿನೈದು ಅಂಗುಲಕ್ಕೆ ಇಮ್ಮಡಿಯಾಗುತ್ತ ಹೋಗಬೇಕು. ಅದಕ್ಕಿಂತ ಬೇಗ ಹಿಗ್ಗಿದರೆ ಕೆಳಸ್ವರ ಸಿಕ್ಕದು. ಒಂದಂಗುಲದ ಕಂಠದಿಂದ ಹೊರಟ ಕೊಳವೆ ಈ ಬಾಯಿಗೆ ಮುಟ್ಟುವಷ್ಟರಲ್ಲಿ ಹದಿನಾರು ಅಡಿ ಉದ್ದವಾಗುವುದು. ಯಾವ ಗೃಹಿಣಿಯು ಇದನ್ನು ಪಡಸಾಲೆಗೆ ಬಿಟ್ಟುಕೊಂಡಾಳು?

ಇಲ್ಲಿಯೇ ಮೂಲೆಯ ಮಹಿಮೆ. ನೆಲವೂ ಎರಡು ಗೋಡೆಗಳೂ ಕೂಡುವೆಡೆಯಲ್ಲಿ ಶಬ್ದಕ್ಕೆ ಹರಡಲು ಬಯಲಿನ ಎಂಟನೆಯ ಒಂದು ಭಾಗ ಮಾತ್ರ ಉಂಟು. ಆದುದರಿಂದ ಬಾಯ ವಿಸ್ತಾರವೂ ಎಂಟನೆಯ ಒಂದು ಭಾಗವಿದ್ದರೆ ಸಾಕು. ಅಡ್ಡಳತೆ ಎರಡೂವರೆ ಅಡಿಗೆ ಇಳಿಯುವುದು. ಕಂಠದಲ್ಲಿ ಸಣ್ಣ ಯಂತ್ರಕ್ಕೆ ಬದಲಾಗಿ ಕಾಗದದ ಶಂಕುವನ್ನೇ ಇಟ್ಟು ಐವತ್ತು ಚದರ ಅಂಗುಲದಿಂದ ಆರಂಭಿಸಿದರೆ, ಸುಮಾರು ನಾಲ್ಕು ಸಲ ಇಮ್ಮಡಿಸುವಷ್ಟರಲ್ಲಿ, ಎಂದರೆ ಐದು ಅಡಿಯಲ್ಲಿ, ದಾರಿ ಮುಗಿಯುವುದು. ಅದನ್ನು ಹಲಗೆಗಳ ನಡುವೆ ಮಡಿಸಿದರೆ ಒಂದು ಬೀರುವಿನ ಗಾತ್ರ. ಲಂಡನ್ನಿನ ವೋಯ್ಟನು 1930ರ ದಶಕದಲ್ಲಿ ಮೂಲೆಯ ತುತ್ತೂರಿಯನ್ನು ಮನೆಗಳಿಗೆ ಮಾಡಿಕೊಟ್ಟನು. ಅಮೆರಿಕದ ಪಾಲ್ ಕ್ಲಿಪ್ಷನು 1940ರ ದಶಕದಲ್ಲಿ ಮಡಿಸಿದ ಮೂಲೆತುತ್ತೂರಿಯನ್ನು ಪರಿಷ್ಕರಿಸಿ, 1946ರಲ್ಲಿ ಅದಕ್ಕಾಗಿಯೇ ಸಂಸ್ಥೆಯನ್ನು ಕಟ್ಟಿದನು. ಈ ವಿಷಯದಲ್ಲಿ ದುರ್ಗದ ಸೀಮೆಯ ಹಳೆಯ ಮನೆಗಳಿಗೆ ಒಂದು ಭಾಗ್ಯವುಂಟು. ಕಲ್ಲಿನ ದಪ್ಪಗೋಡೆ ಅದುರುವುದಿಲ್ಲ. ಮೂಲೆಯು ನಿಜವಾದ ಮೂಲೆಯಾಗಿ ವರ್ತಿಸುವುದು. ತಗಡಿನ ಮಾಡಿನ ಕೊಠಡಿಯಲ್ಲಿ ಇದೇ ಪೆಟ್ಟಿಗೆಯನ್ನಿಟ್ಟರೆ ಮೇಲಿನ ತಗಡೇ ಹಾಡತೊಡಗುವುದು.

ಕೈಯಲ್ಲಿರುವ ತಗಡಿನ ತುತ್ತೂರಿಯನ್ನೇ ತಿದ್ದಬಹುದೇ ಎಂದು ಕೇಳುವವರುಂಟು. ಹೊರಮೈಗೆ ಡಾಂಬರು ಬಳಿದು ಬಟ್ಟೆ ಸುತ್ತಿದರೆ ತಗಡಿನ ಸ್ವಂತ ಕಿಣಿಕಿಣಿ ಅಡಗುವುದು. ಅಷ್ಟರಿಂದಲೇ ಕಿವಿಗೆ ದೊಡ್ಡ ಉಪಶಮನ. ಆದರೆ ಮಂದ್ರ ಹುಟ್ಟದು. ಅದರೊಳಕ್ಕೆ ಮಂದ್ರವನ್ನು ಬಲವಂತವಾಗಿ ತುರುಕುವುದಂತೂ ಅಪಾಯಕರ. ತನ್ನ ಮಿತಿಗಿಂತ ಕೆಳಗಿನ ಸ್ವರಗಳಲ್ಲಿ ತುತ್ತೂರಿಯು ಅದುರುವ ಪೊರೆಗೆ ಯಾವ ಎದುರೊತ್ತನ್ನೂ ಕೊಡುವುದಿಲ್ಲ. ಭಾರವಿಲ್ಲದ ಗಾಡಿಯೆತ್ತಿನಂತೆ ಪೊರೆಯು ಹುಚ್ಚಾಗಿ ಓಡಿ ಹರಿದುಹೋಗುವುದು. ಆದುದರಿಂದ ತಂತಿಯ ದಾರಿಯಲ್ಲಿ ಒಂದು ಕಂಡೆನ್ಸರನ್ನಿಟ್ಟು ಕೆಳಸ್ವರಗಳನ್ನು ತಡೆದು, ಅವುಗಳನ್ನು ಬೇರೆ ಪೆಟ್ಟಿಗೆಯ ಶಂಕುವಿಗೆ ಒಪ್ಪಿಸತಕ್ಕದ್ದು. ಸಿನಿಮಾ ಮಂದಿರಗಳವರು 1930ರ ದಶಕದಲ್ಲಿಯೇ ಈ ಇಬ್ಭಾಗಕ್ಕೆ ಬಂದರು: ಮಾತಿಗೆ ಮೇಲೊಂದು ತುತ್ತೂರಿ, ಮಂದ್ರಕ್ಕೆ ಕೆಳಗೊಂದು ದೊಡ್ಡ ಮರದ ಬಾಯಿ.

ಪೆಟ್ಟಿಗೆ ಕಟ್ಟುವಾಗ ಬಡಗಿಗೆ ಹೇಳಬೇಕಾದುದು ಹೆಚ್ಚಿಲ್ಲ, ಆದರೆ ಖಂಡಿತವಾಗಿ ಹೇಳಬೇಕು. ಹಲಗೆ ಮುಕ್ಕಾಲು ಅಂಗುಲಕ್ಕೆ ಕಡಿಮೆ ಬೇಡ. ಅಗಲವಾದ ಹಲಗೆಗಳಿಗೆ ಒಳಗೆ ಅಡ್ಡಪಟ್ಟಿ ಬೇಕು. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಡೋಲಿನಂತೆ ಮೊಳಗುವ ಹಲಗೆಯು ಪ್ರತಿ ಹಾಡಿನಲ್ಲಿಯೂ ತನ್ನದೊಂದು ಸ್ವರ ಸೇರಿಸುವುದು. ಮೊಳೆಯನ್ನು ಮಾತ್ರ ನಂಬದೆ ಅಂಟನ್ನೂ ತಿರುಪನ್ನೂ ಬಳಸಬೇಕು. ಶಂಕುವಿನ ಬೆನ್ನಿಗಿರುವ ಕೋಣೆಯು ಗಾಳಿ ನುಸುಳದಂತೆ ಭದ್ರವಾಗಿರಬೇಕು. ಒಂದು ಸಣ್ಣ ಬಿರುಕಿನಿಂದಲೂ ಹಿಂದಿನ ಅಲೆಯು ಸೋರಿ ಮುಂದಿನ ಕೆಲಸವನ್ನು ಕೆಡಿಸುವುದು. ನಮ್ಮ ಸೀಮೆಯ ಒಣಹವೆಯಲ್ಲಿ ಹಸಿಮರದ ಕೀಲುಗಳು ಬೇಸಿಗೆಗೆ ಬಾಯಿಬಿಡುವುದು ಖಂಡಿತ. ಚೆನ್ನಾಗಿ ಒಣಗಿದ ಮರವನ್ನೋ ಪ್ಲೈವುಡ್ಡನ್ನೋ ಬಳಸುವುದು ಲೇಸು. ಪೆಟ್ಟಿಗೆಗೂ ಗೋಡೆಗೂ ನಡುವೆ ಉಳಿಯುವ ಸಂದಿಗೆ ಕಂಬಳಿಯ ತುಂಡನ್ನು ಒತ್ತಿದರೆ ಸಾಕು.

ಬಯಲಿನಲ್ಲಿ ಮೂಲೆಯಿಲ್ಲವಷ್ಟೆ. ಹೊಸದುರ್ಗದ ತಾಲ್ಲೂಕಿನ ಸಾಣೇಹಳ್ಳಿಯ ಬಯಲು ರಂಗಮಂದಿರದಂತಹ ಸ್ಥಳದಲ್ಲಿ ನೆಲವೊಂದೇ ಸಹಾಯಕ. ಅಲ್ಲಿ ಮಂದ್ರದ ಪೆಟ್ಟಿಗೆಗಳನ್ನು ಎತ್ತರಕ್ಕೆ ಏರಿಸದೆ, ಒಂದಕ್ಕೊಂದು ತಾಗುವಂತೆ ನೆಲದ ಮೇಲೆ ಜೋಡಿಸಬೇಕು. ನಾಲ್ಕು ಸಣ್ಣ ಬಾಯಿಗಳು ಒಟ್ಟಾಗಿ ಒಂದು ದೊಡ್ಡ ಬಾಯಾಗುವುವು. ವೇದಿಕೆಯ ಎರಡು ತುದಿಗಳಿಗೆ ಹಂಚಿದರೆ ಈ ಲಾಭವಿಲ್ಲ.

ಮಂದ್ರವು ಗೋಡೆಗಳನ್ನು ದಾಟಿ ನೆರೆಯವರ ಮಲಗುವ ಮನೆಗೂ ಹೋಗುವುದೆಂಬುದನ್ನು ಇಲ್ಲಿಯೇ ಹೇಳಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿಯ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಸಲ್ಲದು. ಒಳ್ಳೆಯ ಪೆಟ್ಟಿಗೆಯುಳ್ಳವನಿಗೆ ಈ ನಿಯಮ ಭಾರವಾಗದು. ಕೆಳಸ್ವರವು ಸರಿಯಾಗಿ ಬರುವಾಗ ಯಂತ್ರವನ್ನು ಜೋರುಮಾಡುವ ಚಪಲ ತಾನಾಗಿ ಇಳಿಯುವುದು. ಕೊರತೆಯಿದ್ದಾಗಲೇ ಗುಂಡಿಯನ್ನು ತಿರುಗಿಸುವುದು.

ಪೆಟ್ಟಿಗೆ ಸಿದ್ಧವಾದ ಮೇಲೆ ತಂಬೂರಿಯ ಮಂದ್ರ ಷಡ್ಜವನ್ನು ನುಡಿಸಿ ಪರೀಕ್ಷಿಸುವುದು ಒಳ್ಳೆಯದು. ಆ ಸ್ವರದ ಅಲೆಯ ಉದ್ದ ಹದಿನೇಳೂಕಾಲು ಅಡಿಯಷ್ಟು. ಎದುರುಬದುರು ಗೋಡೆಗಳ ನಡುವೆ ಒಂಬತ್ತಡಿಗೆ ಸಮೀಪದ ಅಂತರವಿರುವ ಕೊಠಡಿಯ ನಟ್ಟನಡುವೆ ಕುಳಿತವನಿಗೆ, ಗೋಡೆಗಳಿಂದ ಮರಳಿದ ಅಲೆಗಳು ಒಂದನ್ನೊಂದು ನುಂಗಿ, ಷಡ್ಜವು ಬಹಳ ಕ್ಷೀಣವಾಗಿ ಕೇಳಿಸಬಹುದು. ಆಗ ಪೆಟ್ಟಿಗೆಯನ್ನು ಬಿಚ್ಚುವ ಮೊದಲು ಕುರ್ಚಿಯನ್ನು ಗೋಡೆಯ ಬಳಿಗೆ ಎರಡಡಿ ಸರಿಸಿ ನೋಡತಕ್ಕದ್ದು.