ಜಲಮಾರ್ಗಗಳ ಶಾಲಾ ಅಧ್ಯಯನ: ವಿಜಯಪುರ, ತಿಕೋಟಾ, ಬಬಲೇಶ್ವರ

ಊರಿನ ಕೆರೆ, ಬಾವಡಿ (ಮೆಟ್ಟಿಲು ಬಾವಿ), ಹಳ್ಳ, ಕಾಲುವೆಗಳನ್ನು ಮಕ್ಕಳು ನಡೆದು ನೋಡಿ, ಅಳೆದು, ನಕ್ಷೆ ಬರೆದು ಕಲಿಯುವ ವಿಧಾನ. ಕೃಷ್ಣೆ ದಕ್ಷಿಣಕ್ಕೂ ಭೀಮೆ ಉತ್ತರಕ್ಕೂ ದೂರದಲ್ಲಿ ಹರಿಯುವುದರಿಂದ ವಿಜಯಪುರ ನಗರಕ್ಕೆ ನೀರನ್ನು ಹೊರಗಿನಿಂದ, ಇಳಿಜಾರಿನಲ್ಲಿ ಹರಿಸಿ ತರಬೇಕಾಯಿತು. ಆದ್ದರಿಂದ ಇಲ್ಲಿನ ಜಲಪಾಠವೆಂದರೆ ಮೊದಲಿಗೆ ಇಳಿಜಾರಿನ ಪಾಠ.

ಐತಿಹಾಸಿಕ ಹಿನ್ನೆಲೆ: ಆದಿಲಶಾಹಿಗಳ ಕಾಲದಲ್ಲಿ ನಗರದ ಪಶ್ಚಿಮಕ್ಕಿರುವ ತೊರವಿಯಿಂದ ಸುರಂಗದ ಮೂಲಕ ನೀರು ತಂದರು. ಇಮ್ಮಡಿ ಇಬ್ರಾಹಿಂನ ಆಳ್ವಿಕೆಯಲ್ಲಿ, 1620ರಲ್ಲಿ, ತಾಜ್ ಬಾವಡಿ ಕಟ್ಟಲಾಯಿತು. ಅದರ ಒಂದೊಂದು ಬದಿ ಸುಮಾರು 223 ಅಡಿ, ಆಳ 52 ಅಡಿ. ಮುಹಮ್ಮದ್ ಆದಿಲ್ ಶಾಹ 1651ರಲ್ಲಿ ಬೇಗಂ ತಲಾಬ್ ಕಟ್ಟಿಸಿದ. ಅಲ್ಲಿಂದ ಹೂತ ಮಣ್ಣಿನ ಕೊಳವೆಗಳಲ್ಲಿ ನೀರು ಊರೊಳಗೆ ಬರುತ್ತಿತ್ತು. ದಾರಿಯಲ್ಲಿ ನಿಂತ ‘ಗಂಜ್’ ಎಂಬ ಗೋಪುರಗಳು ಕೊಳವೆಯ ಮೇಲಿನ ಒತ್ತಡ ತಗ್ಗಿಸಿ, ಹೂಳನ್ನು ತಳದಲ್ಲಿ ಉಳಿಸಿಕೊಳ್ಳುತ್ತಿದ್ದವು. ಬಬಲೇಶ್ವರ ತಾಲೂಕಿನ ಮಮದಾಪುರ ಕೆರೆಯೂ ಇದೇ ದೊರೆಯ ಕಾಲದ್ದು.

ಶಿಕ್ಷಣದಲ್ಲಿ: ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. 1993ರಲ್ಲಿ ರಾಷ್ಟ್ರಮಟ್ಟದಲ್ಲಿ ಆರಂಭವಾದ ಮಕ್ಕಳ ವಿಜ್ಞಾನ ಸಮಾವೇಶ, ಸುತ್ತಲಿನ ಸಮಸ್ಯೆಯನ್ನೇ ಅಧ್ಯಯನಕ್ಕೆ ಆರಿಸಿಕೊಳ್ಳಲು ಮಕ್ಕಳಿಗೆ ಅವಕಾಶ ಕೊಟ್ಟಿತು. 2001-02ರಿಂದ ರಾಷ್ಟ್ರೀಯ ಹಸಿರು ಪಡೆಯ ಇಕೋ ಕ್ಲಬ್ಬುಗಳು ಶಾಲೆಗಳಿಗೆ ಬಂದವು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಲು ಸೂಚಿಸಿತು.

ಚಟುವಟಿಕೆಗಳು: ಹೂತ ಕೊಳವೆಯ ನೀರು ಗಂಜ್‌ನೊಳಗೆ ಹೇಗೆ ಮೇಲೇರುತ್ತಿತ್ತೆಂದು ತಿಳಿಸಲು ಗೌಂಡಿಗಳ ಲೆವೆಲ್ ಪೈಪ್ ಸಾಕು. ಇಬ್ಬರು ಮಕ್ಕಳು ಅದರಲ್ಲಿ ನೀರು ತುಂಬಿ ಒಂದೊಂದು ತುದಿ ಹಿಡಿಯುತ್ತಾರೆ. ನಡುವೆ ಪೈಪ್ ನೆಲಕ್ಕೆ ಜೋತುಬಿದ್ದರೂ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಒಂದು ತುದಿಯನ್ನು ಮೇಲೆತ್ತಿದರೆ ಇನ್ನೊಂದರಿಂದ ನೀರು ಉಕ್ಕುತ್ತದೆ. ತೂತು ಮಾಡಿದ ಎರಡು ಬಾಟಲಿಗಳಲ್ಲಿ ಎರೆಮಣ್ಣು, ಗರಸು ತುಂಬಿ ನೀರು ಹೊಯ್ದರೆ ಯಾವುದು ಬೇಗ ಬಸಿಯುತ್ತದೆಂದು ತಿಳಿಯುತ್ತದೆ. ಮಹಾರಾಷ್ಟ್ರದ ಜತ್ತ ಭಾಗದಲ್ಲಿ ಹುಟ್ಟಿ ಸಾರವಾಡದ ಬಳಿ ಹಾಯುವ ಡೋಣಿ ನದಿಯ ನೀರು ಉಪ್ಪು. ಅದನ್ನು ತಟ್ಟೆಯಲ್ಲಿ ಬಿಸಿಲಿಗಿಟ್ಟರೆ ಬಿಳಿ ಪುಡಿ ಉಳಿಯುತ್ತದೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ ಗಾದೆಯ ಅರ್ಥವನ್ನು ಮಕ್ಕಳು ಮನೆಯ ಹಿರಿಯರಿಂದ ಕೇಳಿ ಬರೆದುಕೊಂಡು ಬರಬಹುದು. ಬಾವಡಿಯ ಆಳವನ್ನು ಮಾತ್ರ ಮೇಲಿನಿಂದಲೇ, ಶಿಕ್ಷಕರ ಜೊತೆಗಿದ್ದು, ಕಲ್ಲು ಕಟ್ಟಿದ ದಾರದಿಂದ ಅಳೆಯಬೇಕು.

ಇಂದು: ತೊರವಿಯ ಸುರಂಗ ಬಾವಡಿ, ದಖ್ಖನ್ನಿನ ಪ್ರಾಚೀನ ಜಲವ್ಯವಸ್ಥೆಗಳ ಭಾಗವಾಗಿ ರಕ್ಷಣೆ ಬೇಕಾದ ತಾಣಗಳ ವಿಶ್ವ ಸ್ಮಾರಕ ನಿಧಿಯ 2020ರ ಪಟ್ಟಿಗೆ ಸೇರಿತು. ಮುಳವಾಡ, ತುಬಚಿ–ಬಬಲೇಶ್ವರ ಏತ ನೀರಾವರಿಗಳು ಕೃಷ್ಣೆಯ ನೀರನ್ನು ಈ ನೆಲಕ್ಕೆ ಎತ್ತಿ ತರುತ್ತಿವೆ. ಹಳೆಯ ಸುರಂಗ, ಹೊಸ ಪೈಪ್‌ಲೈನ್ ಎರಡನ್ನೂ ಒಂದೇ ನಕ್ಷೆಯಲ್ಲಿ ಬರೆದ ಮಗುವಿಗೆ ಕೇಳಬೇಕಾದ ಪ್ರಶ್ನೆ: ಕರೆಂಟು ಹೋದ ದಿನ ಇವುಗಳಲ್ಲಿ ಯಾವ ನೀರು ಹರಿಯುತ್ತದೆ, ಏಕೆ?