ಪಾತ್ರೆ ಬೋರಲು ಹಾಕಿ ಬಡಿದರೆ ಸತ್ತ ಕೋಳಿಮರಿ ಏಳುತ್ತದೆಯೇ? ಗಾಯಗೊಂಡ ಮರಿಯ ಆರೈಕೆಯಲ್ಲಿ ಯಾವುದು ನಿಜ, ಯಾವುದು ಸುಳ್ಳು

ಅಂಗಳದಲ್ಲಿ ಕೋಳಿಮರಿಯೊಂದು ಅಲುಗಾಡದೆ ಬಿದ್ದಿರುತ್ತದೆ. ಅದರ ಮೇಲೆ ಪಾತ್ರೆ ಬೋರಲು ಹಾಕಿ ಸೌಟಿನಿಂದ ಟಣಟಣ ಬಡಿಯುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಪಾತ್ರೆ ಎತ್ತಿದರೆ ಮರಿ ಎದ್ದು ಓಡುತ್ತದೆ. ‘ಸತ್ತ ಮರಿಗೆ ಜೀವ ಬಂತು, ಎಲ್ಲರಿಗೂ ಕಳಿಸಿ’ ಎಂಬ ಸಾಲಿನ ಜೊತೆ ಇಂಥ ವಿಡಿಯೊಗಳು ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತವೆ. ಅವುಗಳ ಬೆನ್ನಿಗೆ ಹಾಲು ಕುಡಿಸಿ, ಸೀಮೆಎಣ್ಣೆ ಹಚ್ಚಿ, ಅರ್ಧ ಮಾತ್ರೆ ಕೊಡಿ ಎಂಬ ಸಲಹೆಗಳೂ ಬರುತ್ತವೆ.

ಚಳ್ಳಕೆರೆ–ಬಳ್ಳಾರಿ ಹೆದ್ದಾರಿಯಲ್ಲಿರುವ ಮೊಳಕಾಲ್ಮೂರು ತಾಲ್ಲೂಕಿನ ಬಿ.ಜಿ. ಕೆರೆಯಂಥ ಊರುಗಳಲ್ಲಿ ನಾಟಿ ಕೋಳಿ ಅಂಗಳದಲ್ಲೇ ಮೇಯ್ದು ಬೆಳೆಯುತ್ತದೆ. ಕಾಗೆ, ಹದ್ದು, ಬೆಕ್ಕು, ಮುಂಗುಸಿ, ನಾಯಿ, ಬೈಕಿನ ಚಕ್ರ, ಮನೆಯವರ ಕಾಲ್ತುಳಿತ ಎಲ್ಲದರಿಂದಲೂ ಮರಿಗೆ ಅಪಾಯ. ಒಂದು ಹೇಂಟೆಯ ಹತ್ತು ಮರಿಗಳಲ್ಲಿ ನಾಲ್ಕು ಉಳಿದರೆ ಒಂದು ಲೆಕ್ಕ, ಎಂಟು ಉಳಿದರೆ ಇನ್ನೊಂದು ಲೆಕ್ಕ. ಮನೆಯ ಹೆಂಗಸರ ಕೈಖರ್ಚಿನ ದುಡ್ಡು ಎಷ್ಟೋ ಕಡೆ ಇದರಿಂದಲೇ ಬರುತ್ತದೆ. ಹಾಗಾಗಿ ಗಾಯಗೊಂಡ ಮರಿಗೆ ನಿಜವಾಗಿ ಏನು ಮಾಡಬೇಕು ಎಂದು ನೋಡೋಣ.

ಚುಟುಕಾಗಿ ಹೇಳುವುದಾದರೆ, ಮರಿಗೆ ಮೊದಲು ಬೇಕಾದದ್ದು ಬಿಸುಪು, ಕತ್ತಲು ಮತ್ತು ಒಂಟಿ ಜಾಗ. ನೀರು, ಆಹಾರ, ಔಷಧಿ ಎಲ್ಲವೂ ಆಮೇಲೆ. ಗಾಯದಿಂದ ಸಾಯುವ ಮರಿಗಳಿರುವಂತೆ ನಮ್ಮ ಅವಸರದಿಂದ ಸಾಯುವ ಮರಿಗಳೂ ಇವೆ.

ಹೇಳಿಕೆ 1: ಪಾತ್ರೆ ಬಡಿದರೆ ಸತ್ತ ಮರಿ ಏಳುತ್ತದೆ

ಸುಳ್ಳು. ಸತ್ತ ಮರಿ ಯಾವ ಸದ್ದಿಗೂ ಏಳುವುದಿಲ್ಲ. ಎದ್ದ ಮರಿ ಸತ್ತಿರಲೇ ಇಲ್ಲ.

ಪೆಟ್ಟು ಬಿದ್ದಾಗ ಮರಿ ಆಘಾತದಿಂದ ಪ್ರಜ್ಞೆ ತಪ್ಪಬಹುದು. ಅದಲ್ಲದೆ ಕೋಳಿಗಳಿಗೆ ಇನ್ನೊಂದು ಸ್ವಭಾವವಿದೆ. ಬೇಟೆಗಾರ ಪ್ರಾಣಿಯ ಹಿಡಿತಕ್ಕೆ ಸಿಕ್ಕಾಗ ಅಥವಾ ಬಲವಾಗಿ ಅದುಮಿ ಹಿಡಿದಾಗ ಅವು ಸತ್ತಂತೆ ಮಲಗಿಬಿಡುತ್ತವೆ. ಹೀಗೆ ಕೆಲವು ಸೆಕೆಂಡುಗಳಿಂದ ಹಲವು ನಿಮಿಷಗಳವರೆಗೆ ಬಿದ್ದಿರಬಲ್ಲವು. 1646ರಷ್ಟು ಹಿಂದೆಯೇ ಜರ್ಮನ್ ವಿದ್ವಾಂಸ ಅಥನೇಸಿಯಸ್ ಕಿರ್ಚರ್ ಕೋಳಿಯ ಈ ವರ್ತನೆಯನ್ನು ದಾಖಲಿಸಿದ್ದರು.

ಪಾತ್ರೆಯಿಂದ ಮರಿಗೆ ಸಿಗುವ ಲಾಭ ಎಂದರೆ ಕತ್ತಲು. ಕತ್ತಲಲ್ಲಿ ಹಕ್ಕಿಗಳು ಶಾಂತವಾಗುತ್ತವೆ, ಬೇರೆ ಕೋಳಿಗಳ ಕುಕ್ಕಾಟವೂ ತಪ್ಪುತ್ತದೆ. ಬಡಿಯುವ ಸದ್ದು ಮಾತ್ರ ಪೆಟ್ಟು ತಿಂದ ಮರಿಗೆ ಮತ್ತೊಂದು ಹೆದರಿಕೆ. ಪಾತ್ರೆ ಗಾಳಿಯಾಡದಂತೆ ಕೂತರೆ ಉಸಿರಿಗೂ ಕಷ್ಟ, ಬಿಸಿಲಲ್ಲಿಟ್ಟರೆ ಲೋಹ ಕಾದು ಮರಿ ಬೇಯುತ್ತದೆ. ಆದ್ದರಿಂದ ಪಾತ್ರೆಯ ಬದಲು ತೂತು ಮಾಡಿದ ರಟ್ಟಿನ ಪೆಟ್ಟಿಗೆ ಅಥವಾ ಬಟ್ಟೆ ಮುಚ್ಚಿದ ಬಿದಿರಿನ ಬುಟ್ಟಿ ಬಳಸಿ. ನೆರಳಲ್ಲಿಟ್ಟು ಅರ್ಧ ಗಂಟೆಯಿಂದ ಒಂದು ಗಂಟೆ ಮುಟ್ಟದೆ ಬಿಡಿ.

ಹೇಳಿಕೆ 2: ಮನುಷ್ಯರು ಮುಟ್ಟಿದರೆ ತಾಯಿ ಕೋಳಿ ಸೇರಿಸುವುದಿಲ್ಲ

ಸುಳ್ಳು. ಹೇಂಟೆ ತನ್ನ ಮರಿಯನ್ನು ಮುಖ್ಯವಾಗಿ ಕೂಗಿನಿಂದ ಮತ್ತು ನೋಟದಿಂದ ಗುರುತಿಸುತ್ತದೆ. ನಮ್ಮ ಕೈವಾಸನೆ ಅದಕ್ಕೆ ದೊಡ್ಡ ವಿಷಯವಲ್ಲ. ಆದರೆ ಮರಿಯನ್ನು ಹಲವು ದಿನ ದೂರವಿಟ್ಟು ತಂದರೆ ಹೇಂಟೆ ಅದನ್ನು ಹೊರಗಿನದು ಎಂದು ಕುಕ್ಕಬಹುದು. ಇದಕ್ಕೆ ಕಾರಣ ಸ್ಪರ್ಶವಲ್ಲ, ಅಗಲಿದ ದಿನಗಳು. ಹಾಗಾಗಿ ಆರೈಕೆಯ ಬುಟ್ಟಿಯನ್ನು ತಾಯಿಗೆ ಮರಿಯ ಕೂಗು ಕೇಳುವಷ್ಟು ಹತ್ತಿರ ಇಡುವುದು ಒಳ್ಳೆಯದು. ವಾಪಸ್ ಬಿಡುವಾಗ ಕತ್ತಲಾದ ಮೇಲೆ ಮೆಲ್ಲಗೆ ತಾಯಿಯ ರೆಕ್ಕೆಯಡಿ ಸೇರಿಸಿ, ಬೆಳಿಗ್ಗೆ ಸ್ವಲ್ಪ ಹೊತ್ತು ಕಣ್ಣಿಟ್ಟಿರಿ.

ಗಾಯದಲ್ಲಿ ರಕ್ತ ಕಾಣುವವರೆಗೆ ಮಾತ್ರ ಮರಿಯನ್ನು ಗುಂಪಿಗೆ ಬಿಡಲೇಬೇಡಿ. ಕೆಂಪು ಕಂಡಲ್ಲಿ ಕುಕ್ಕುವುದು ಕೋಳಿಗಳ ಸ್ವಭಾವ. ಒಡಹುಟ್ಟಿದ ಮರಿಗಳೇ ಕುಕ್ಕಿ ಸಾಯಿಸಿಬಿಡಬಹುದು.

ಹೇಳಿಕೆ 3: ಸುಸ್ತಾದ ಮರಿಗೆ ತಕ್ಷಣ ಬಾಯಿ ಬಿಡಿಸಿ ನೀರು ಹಾಕಬೇಕು

ಇದು ಅಪಾಯಕಾರಿ. ಕೋಳಿಯ ಉಸಿರುನಾಳದ ಬಾಯಿ ನಾಲಗೆಯ ಬುಡದಲ್ಲೇ ಇದೆ. ಪ್ರಜ್ಞೆ ಸರಿಯಿಲ್ಲದ ಮರಿಯ ಬಾಯಿಗೆ ನೀರು ಸುರಿದರೆ ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಮರಿ ತಲೆ ಎತ್ತಿ ನಿಂತ ಮೇಲೆಯೇ ನೀರು ಕೊಡಬೇಕು. ಕೊಕ್ಕಿನ ತುದಿಯನ್ನಷ್ಟೇ ಉಗುರು ಬೆಚ್ಚಗಿನ ನೀರಿಗೆ ಅದ್ದಿ, ಉಳಿದದ್ದನ್ನು ಅದೇ ಕುಡಿಯುತ್ತದೆ. ಮೊದಲ ದಿನ ಒಂದು ಲೋಟ ನೀರಿಗೆ ಒಂದು ಚಮಚ ಬೆಲ್ಲ ಅಥವಾ ಸಕ್ಕರೆ ಕರಗಿಸಿ ಕೊಡಬಹುದು. ನೀರಿನ ಮುಚ್ಚಳದಲ್ಲಿ ಸಣ್ಣ ಕಲ್ಲುಗಳನ್ನು ಹಾಕಿಡಿ, ಇಲ್ಲದಿದ್ದರೆ ನಿತ್ರಾಣಗೊಂಡ ಮರಿ ಅದರಲ್ಲೇ ಮುಳುಗಬಹುದು.

ಆಗಷ್ಟೇ ಮೊಟ್ಟೆಯೊಡೆದು ಬಂದ ಮರಿಯ ಹೊಟ್ಟೆಯಲ್ಲಿ ಹಳದಿ ಲೋಳೆಯ ಭಾಗ ಉಳಿದಿರುತ್ತದೆ. ಅದರ ಬಲದಿಂದ ಮರಿ ಎರಡು-ಮೂರು ದಿನ ಜೀವ ಹಿಡಿದಿರಬಲ್ಲದು. ಹ್ಯಾಚರಿಗಳಿಂದ ಮರಿಗಳನ್ನು ದೂರದೂರಿಗೆ ಕಳಿಸಲು ಸಾಧ್ಯವಾಗುವುದೂ ಇದರಿಂದಲೇ. ಹಾಗಾಗಿ ‘ತಿನ್ನಲಿಲ್ಲ’ ಎಂದು ಮೊದಲ ಗಂಟೆಯಲ್ಲೇ ಗಾಬರಿಯಾಗಬೇಕಿಲ್ಲ.

ಹೇಳಿಕೆ 4: ಹಾಲು ಕುಡಿಸಿದರೆ ಶಕ್ತಿ ಬರುತ್ತದೆ

ಸುಳ್ಳು. ಹಕ್ಕಿಗಳು ಹಾಲು ಕುಡಿದು ಬೆಳೆಯುವ ಜೀವಿಗಳಲ್ಲ. ಹಾಲಿನ ಸಕ್ಕರೆಯನ್ನು ಜೀರ್ಣಿಸಿಕೊಳ್ಳುವ ಶಕ್ತಿ ಅವುಗಳ ಕರುಳಿಗೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಾಲು ಭೇದಿಗೆ ದಾರಿ, ಭೇದಿಯಾದರೆ ಮೊದಲೇ ಸೋತ ಮರಿಯ ಮೈಯಲ್ಲಿ ನೀರು ಇನ್ನಷ್ಟು ಕಡಿಮೆಯಾಗುತ್ತದೆ.

ಬೆಳೆಯುವ ಮರಿಗೆ ಆಹಾರದಲ್ಲಿ ಸುಮಾರು ಶೇ 20 ಪ್ರೋಟೀನ್ ಬೇಕು. ರಾಗಿಯಲ್ಲಿ ಇರುವುದು ಸುಮಾರು ಶೇ 7, ನವಣೆಯಲ್ಲಿ ಶೇ 12ರ ಆಸುಪಾಸು. ಬರೀ ನುಚ್ಚಿನಿಂದ ಗಾಯ ಬೇಗ ಮಾಯುವುದಿಲ್ಲ. ನುಚ್ಚಿನ ಜೊತೆ ಬೇಯಿಸಿ ಪುಡಿ ಮಾಡಿದ ಮೊಟ್ಟೆಯನ್ನು ಸ್ವಲ್ಪ ಕೊಡಿ, ಅಥವಾ ಅಂಗಡಿಯಲ್ಲಿ ಸಿಗುವ ಮರಿಗಳ ಸ್ಟಾರ್ಟರ್ ಆಹಾರ ಕೊಡಿ. ಹಳ್ಳಿಗಳಲ್ಲಿ ಗೆದ್ದಲು ಹಿಡಿದು ಹಾಕುವ ರೂಢಿಯಿದೆಯಲ್ಲ, ಅದು ಸರಿಯಾದ ಪದ್ಧತಿಯೇ. ಗೆದ್ದಲು ಒಳ್ಳೆಯ ಪ್ರೋಟೀನ್.

ಶೇಂಗಾ ಬೆಳೆಯುವ, ಎಣ್ಣೆ ಗಿರಣಿಗಳಿರುವ ಚಳ್ಳಕೆರೆ ಸೀಮೆಯವರಿಗೆ ಒಂದು ಎಚ್ಚರಿಕೆ. ಬೂಷ್ಟು ಹಿಡಿದ ಶೇಂಗಾ ಅಥವಾ ಶೇಂಗಾ ಹಿಂಡಿಯನ್ನು ಮರಿಗೆ ಹಾಕಬೇಡಿ. ಆ ಬೂಷ್ಟಿನಲ್ಲಿ ಯಕೃತ್ತನ್ನು ಹಾಳುಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯೇ ಕಾರಣ ಎಂದು ಪತ್ತೆಯಾಯಿತು. ಅಫ್ಲಾಟಾಕ್ಸಿನ್ ಜಗತ್ತಿಗೆ ಗೊತ್ತಾಗಿದ್ದು ಆ ಘಟನೆಯಿಂದಲೇ.

ಹೇಳಿಕೆ 5: ಗಾಯಕ್ಕೆ ಅರಿಶಿನ, ಸುಣ್ಣ, ಸೀಮೆಎಣ್ಣೆ ಹಚ್ಚಿದರೆ ಸಾಕು

ಇದರಲ್ಲಿ ಸ್ವಲ್ಪ ನಿಜವಿದೆ, ಸುಳ್ಳೇ ಹೆಚ್ಚು. ಅರಿಶಿನಕ್ಕೆ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣವಿರುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಆದರೆ ಅಡುಗೆಮನೆಯ ಡಬ್ಬಿಯ ಪುಡಿ ಶುದ್ಧೀಕರಿಸಿದ್ದಲ್ಲ, ಕೊಳೆಯಾದ ಗಾಯವನ್ನು ತೊಳೆಯದೆ ಮೆತ್ತಿದರೆ ಕೊಳೆ ಒಳಗೇ ಉಳಿಯುತ್ತದೆ. ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ಪುಕ್ಕ ತೊಯ್ದು ಮರಿಯ ಮೈ ತಣ್ಣಗಾಗುತ್ತದೆ. ಸುಣ್ಣ ಮತ್ತು ಸೀಮೆಎಣ್ಣೆ ಎಳೆಚರ್ಮವನ್ನು ಸುಡುತ್ತವೆ.

ಸರಿಯಾದ ಕ್ರಮ ಹೀಗಿದೆ:

• ರಕ್ತ ಸೋರುತ್ತಿದ್ದರೆ ಶುದ್ಧ ಬಟ್ಟೆಯಿಂದ ಕೆಲವು ನಿಮಿಷ ಮೆಲ್ಲಗೆ ಒತ್ತಿಹಿಡಿಯಿರಿ.
• ಕುದಿಸಿ ಆರಿಸಿದ ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು ಹಾಕಿ ಗಾಯ ತೊಳೆಯಿರಿ. ಈ ನೀರು ತೊಳೆಯಲು ಮಾತ್ರ, ಕುಡಿಸಲು ಅಲ್ಲ.
• ಪೊವಿಡೋನ್ ಅಯೋಡಿನ್ ದ್ರಾವಣವನ್ನು ಹಾಲಿಲ್ಲದ ಟೀ ಬಣ್ಣ ಬರುವಷ್ಟು ನೀರಿನಲ್ಲಿ ತೆಳುಮಾಡಿ ಹತ್ತಿಯಿಂದ ಹಚ್ಚಿ.
• ಮರಿಯನ್ನು ಒರೆಸಿ ಒಣಗಿಸಿ, ಬೆಚ್ಚಗಿಡಿ.
• ದಿನಕ್ಕೆ ಎರಡು ಸಲ ಗಾಯ ನೋಡಿ. ಬೇಸಿಗೆಯಲ್ಲಿ ನೊಣ ಮೊಟ್ಟೆಯಿಟ್ಟು ಒಂದೆರಡು ದಿನಗಳಲ್ಲೇ ಹುಳ ಆಗಬಹುದು. ಹುಳ ಕಂಡರೆ ಪಶುವೈದ್ಯರಿಗೆ ತೋರಿಸಿ.

ಬೆಕ್ಕು ಕಚ್ಚಿದ ಮರಿಯ ಗಾಯ ಸೂಜಿಮೊನೆಯಷ್ಟೇ ಕಂಡರೂ ಹಗುರವಾಗಿ ನೋಡಬೇಡಿ. ಬೆಕ್ಕಿನ ಬಾಯಿಯ ಬ್ಯಾಕ್ಟೀರಿಯಾ ಹಕ್ಕಿಯ ರಕ್ತಕ್ಕೆ ಸೇರಿದರೆ ಬೇಗ ಸಾವು ತರುತ್ತದೆ. ಅಂಥ ಮರಿಗೆ ವೈದ್ಯರು ಕೊಡುವ ಆ್ಯಂಟಿಬಯೋಟಿಕ್ ಬೇಕು.

ಹೇಳಿಕೆ 6: ನೋವಿಗೆ ಮನುಷ್ಯರ ಮಾತ್ರೆಯನ್ನು ಚೂರು ಮಾಡಿ ಕೊಡಬಹುದು

ಕೊಡಬೇಡಿ. ಒಂದು ವಾರದ ನಾಟಿ ಮರಿಯ ತೂಕ ನೂರು ಗ್ರಾಂ ಕೂಡ ಇರುವುದಿಲ್ಲ. ಮಾತ್ರೆಯ ಚೂರು ಎಷ್ಟೇ ಸಣ್ಣದಾದರೂ ಅದಕ್ಕೆ ಮಿತಿಮೀರಿದ ಪ್ರಮಾಣ. ಡೈಕ್ಲೊಫಿನಾಕ್ ಎಂಬ ನೋವುನಿವಾರಕ ಹಾಕಿದ್ದ ದನಗಳ ಕಳೇಬರ ತಿಂದು ನಮ್ಮ ದೇಶದ ರಣಹದ್ದುಗಳು ಅಳಿವಿನಂಚಿಗೆ ಬಂದವು. 2006ರಲ್ಲಿ ಸರ್ಕಾರ ಆ ಔಷಧಿಯನ್ನು ಜಾನುವಾರುಗಳಿಗೆ ಬಳಸದಂತೆ ನಿಷೇಧಿಸಿತು. ನಮಗೆ ಸಾಮಾನ್ಯವಾದ ಔಷಧಿ ಹಕ್ಕಿಗೆ ವಿಷವಾಗಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಬಿಸುಪು ಎಷ್ಟು ಬೇಕು?

ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೇಕು, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಹೋಗಬಹುದು. ಎಳೆಮರಿಗೆ ತನ್ನ ಮೈಶಾಖ ಕಾಪಾಡಿಕೊಳ್ಳಲು ಬರುವುದಿಲ್ಲ, ತಾಯಿಯ ರೆಕ್ಕೆಯೇ ಅದರ ಒಲೆ.

ಚಳಿಗಾಲದ ರಾತ್ರಿಯಲ್ಲಿ ಬುಟ್ಟಿಯ ಒಂದು ಬದಿಗೆ ಹಳೆಯ ಬಗೆಯ 40 ವ್ಯಾಟ್ ಬಲ್ಬ್ ಉರಿಸಿ. ಎಲ್‌ಇಡಿ ಬಲ್ಬಿನಿಂದ ಬೆಳಕು ಬರುತ್ತದೆಯೇ ಹೊರತು ಸಾಕಷ್ಟು ಶಾಖ ಬರುವುದಿಲ್ಲ. ಕರೆಂಟ್ ಹೋದರೆ ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಮರಿ ಬಲ್ಬಿನ ಹತ್ತಿರ ಮುದುಡಿ ಕೂತು ಒಂದೇ ಸಮನೆ ಚೀಂಗುಟ್ಟಿದರೆ ಚಳಿ ಎಂದರ್ಥ. ದೂರ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ. ಏಪ್ರಿಲ್-ಮೇ ತಿಂಗಳ ನಮ್ಮ ಬಯಲುಸೀಮೆಯ ಹಗಲಲ್ಲಿ ಬಲ್ಬ್ ಬೇಕಾಗಿಯೇ ಇಲ್ಲ. ಶೀಟಿನ ಮನೆಯೊಳಗೆ ಬುಟ್ಟಿ ಇಟ್ಟರೆ ಸೆಕೆಗೇ ಮರಿ ಸಾಯಬಹುದು.

ಹಿಡಿಯುವಾಗಲೂ ಎಚ್ಚರ ಇರಲಿ. ಕೋಳಿಗೆ ನಮ್ಮಂತೆ ಉಸಿರಾಟದ ವಪೆ ಇಲ್ಲ, ಎದೆಗೂಡನ್ನು ಅಲುಗಿಸಿಯೇ ಅದು ಉಸಿರಾಡಬೇಕು. ಮಕ್ಕಳು ಪ್ರೀತಿಯಿಂದ ಮುಷ್ಟಿಯಲ್ಲಿ ಬಿಗಿಹಿಡಿದರೂ ಮರಿಗೆ ಉಸಿರು ಕಟ್ಟುತ್ತದೆ.

ಕಾಲು ಮುರಿದಿದ್ದರೆ

ಕಾಲಿನ ಕೆಳಭಾಗದ ಮೂಳೆ ಮುರಿದು ಚರ್ಮ ಹರಿಯದಿದ್ದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಪ್ಲಾಸ್ಟಿಕ್ ಸ್ಟ್ರಾವನ್ನು ಉದ್ದಕ್ಕೆ ಸೀಳಿ, ಒಳಗೆ ತೆಳ್ಳಗೆ ಹತ್ತಿ ಇಟ್ಟು, ಕಾಲನ್ನು ನೇರ ಮಾಡಿ ಸುತ್ತಿ ಅಂಟುಪಟ್ಟಿ ಹಾಕಿ. ಬೆರಳು ಊದಿದರೆ ಅಥವಾ ತಣ್ಣಗಾದರೆ ಕಟ್ಟು ಬಿಗಿಯಾಗಿದೆ ಎಂದರ್ಥ, ತಕ್ಷಣ ಸಡಿಲಿಸಿ. ಮರಿ ದಿನದಿನಕ್ಕೂ ಬೆಳೆಯುವುದರಿಂದ ಕಟ್ಟನ್ನು ದಿನವೂ ನೋಡಬೇಕು. ಸುಮಾರು ಮೂರು ವಾರಗಳಲ್ಲಿ ಮೂಳೆ ಕೂಡುತ್ತದೆ. ಮೂಳೆ ಹೊರಗೆ ಕಾಣುತ್ತಿದ್ದರೆ ಅಥವಾ ತೊಡೆ ಮುರಿದಿದ್ದರೆ ಮನೆಮದ್ದು ಬೇಡ.

ಇದು ಗಾಯವೋ, ರೋಗವೋ?

ಪೆಟ್ಟಿನ ಗುರುತಿಲ್ಲದೆ ಮರಿ ಕತ್ತು ತಿರುಚಿಕೊಂಡು ಬಿದ್ದರೆ, ಹಸಿರು ಭೇದಿ ಇದ್ದರೆ, ಒಂದರ ಹಿಂದೆ ಒಂದು ಸಾಯುತ್ತಿದ್ದರೆ ಅದು ಕೊಕ್ಕರೆ ರೋಗ ಇರಬಹುದು. ಉತ್ತರಾಖಂಡದ ರಾಣಿಖೇತ್ ಊರಿನ ಹೆಸರಿನಿಂದ ಇದನ್ನು ರಾಣಿಖೇತ್ ರೋಗ ಎಂದೂ ಕರೆಯುತ್ತಾರೆ. ಇದು ವೈರಸ್ಸಿನಿಂದ ಬರುವುದರಿಂದ ಬಂದ ಮೇಲೆ ಔಷಧಿಯಿಲ್ಲ. ಮರಿಗೆ 5ರಿಂದ 7 ದಿನ ಆದಾಗ ಲಸಿಕೆಯ ಹನಿ ಹಾಕಿಸುವುದೇ ದಾರಿ. ಹಲವು ಕೋಳಿಗಳು ಒಮ್ಮೆಲೇ ಸತ್ತರೆ ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. ಸಹಾಯಕ್ಕೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು.

ಮರಿಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಮಕ್ಕಳ ಕೈಯನ್ನೂ ತೊಳೆಸಿ. ಆರೋಗ್ಯವಾಗಿ ಕಾಣುವ ಮರಿಯ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದು ವಾಂತಿ-ಭೇದಿ ತರುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಪಾತ್ರೆ ಬಡಿಯುವ ವಿಡಿಯೊದಲ್ಲಿ ಕಾಣುವುದು ಎದ್ದ ಮರಿ ಮಾತ್ರ. ಏಳದ ಮರಿಯ ವಿಡಿಯೊವನ್ನು ಯಾರೂ ಹಂಚುವುದಿಲ್ಲ. ಅದನ್ನು ಕಳಿಸಲೇಬೇಕು ಎನಿಸಿದರೆ ಜೊತೆಗೆ ಈ ಸಾಲನ್ನೂ ಸೇರಿಸಿ: ‘ಬಡಿಯಬೇಡಿ. ಕತ್ತಲ ಬುಟ್ಟಿಯಲ್ಲಿ ಬೆಚ್ಚಗೆ, ಒಂಟಿಯಾಗಿ ಒಂದು ಗಂಟೆ ಬಿಡಿ. ತಲೆ ಎತ್ತಿದ ಮೇಲೆ ನೀರು ಕೊಡಿ.’ ಮರುದಿನಕ್ಕೂ ಮರಿ ನಿಲ್ಲದಿದ್ದರೆ ಹತ್ತಿರದ ಪಶು ಆಸ್ಪತ್ರೆಗೆ ತೋರಿಸಿ.