ಬರೆದೇ ಬದುಕಿದವರು

ನಮ್ಮ ಕಾಸರಗೋಡಿನ ಹಿರಿಯ ಸಾಹಿತಿಗಳನ್ನು ಸಭೆಗಳಲ್ಲಿ ಸ್ಮರಿಸುವಾಗ ಒಂದು ಸಂಗತಿಯನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅವರಲ್ಲಿ ಹೆಚ್ಚಿನವರ ಅನ್ನ ಸಾಹಿತ್ಯದಿಂದ ಬಂದುದಲ್ಲ. ಮಂಜೇಶ್ವರದ ಗೋವಿಂದ ಪೈಗಳಿಗೆ ಮನೆತನದ ಆಸ್ತಿಯಿತ್ತು. ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದಲ್ಲಿ ಅಧ್ಯಾಪಕರಾಗಿದ್ದರು, ಕೃಷಿಕರೂ ಆಗಿದ್ದರು. ಇದರಿಂದ ಅವರ ಕಾವ್ಯದ ಬೆಲೆ ಎಳ್ಳಷ್ಟೂ ಕುಂದುವುದಿಲ್ಲ. ಆದರೆ ಬರೆಯದೆ ಕಳೆದ ತಿಂಗಳಿನಲ್ಲಿಯೂ ಅವರ ಮನೆಯ ಒಲೆ ಉರಿಯುತ್ತಿತ್ತು ಎಂಬುದನ್ನು ಮರೆಯಬಾರದು.

ಅದೇ ಕಾಲದಲ್ಲಿ, ಅದೇ ಜಿಲ್ಲೆಯಲ್ಲಿ, ಬರವಣಿಗೆಯನ್ನೇ ನೆಚ್ಚಿ ಕುಳಿತವರು ಡಾ. ಶಿವರಾಮ ಕಾರಂತರು. ಅದೇ ಜಿಲ್ಲೆಯೆಂದು ಬೇಕೆಂದೇ ಹೇಳುತ್ತಿದ್ದೇನೆ. 1956ರ ನವೆಂಬರ್ 1ರ ವರೆಗೆ ಕಾಸರಗೋಡು ಮತ್ತು ಪುತ್ತೂರು ಎರಡೂ ದಕ್ಷಿಣ ಕನ್ನಡದ ತಾಲೂಕುಗಳೇ ಆಗಿದ್ದುವು. 1902ರಲ್ಲಿ ಕೋಟದಲ್ಲಿ ಜನಿಸಿದ ಕಾರಂತರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದರು. ಪದವಿಯಿಲ್ಲದವರಿಗೆ ಸರಕಾರದ ಮೇಲ್ದರ್ಜೆಯ ಉದ್ಯೋಗಗಳ ಬಾಗಿಲು ಬಹುಮಟ್ಟಿಗೆ ಮುಚ್ಚಿತ್ತು. ತೆರೆದಿದ್ದರೂ ಅವರು ಒಳಗೆ ಹೋಗುತ್ತಿರಲಿಲ್ಲವೆನ್ನಿ. 'ವಸಂತ'ವೆಂಬ ಪತ್ರಿಕೆಯನ್ನು ನಡೆಸಿದರು. ಅದರ ಪುಟಗಳಿಗಾಗಿ ಪತ್ತೇದಾರಿ ಕಥೆಯನ್ನೂ ಬರೆದರು. ಮುಂದೆ ಪುತ್ತೂರಿನಲ್ಲಿ ನೆಲೆನಿಂತು ಬಾಲವನವನ್ನು ಕಟ್ಟಿದರು.

ಕಾರಂತರ ಬರವಣಿಗೆಯ ವೇಗದ ಬಗ್ಗೆ ನಾವೆಲ್ಲ ಬೆರಗಿನಿಂದ ಮಾತನಾಡುತ್ತೇವೆ. 'ಚೋಮನ ದುಡಿ' ಕೆಲವೇ ದಿನಗಳಲ್ಲಿ ಬರೆದು ಮುಗಿಸಿದ ಕೃತಿ. ಮುಂದಿನ ವರ್ಷಗಳಲ್ಲಿ ಅವರು ಬಾಯಿಯಿಂದ ಹೇಳುತ್ತಾ ಹೋದುದನ್ನು ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ಕಾದಂಬರಿಗಳೇ 40ಕ್ಕೂ ಮಿಕ್ಕಿ. ಇವುಗಳ ಜೊತೆಗೆ ನಾಟಕ, ಪ್ರವಾಸಕಥನ, ಯಕ್ಷಗಾನದ ಶೋಧ, ಮಕ್ಕಳಿಗೆ ಮೂರು ಸಂಪುಟಗಳ 'ಬಾಲಪ್ರಪಂಚ', ಹಿರಿಯರಿಗೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ', ಅರ್ಥಕೋಶ, ಶಾಲೆಗಳಿಗೆ ಓದುವ ಪುಸ್ತಕಗಳು. ಇಷ್ಟನ್ನು ಪ್ರತಿಭೆಯ ಲೆಕ್ಕಕ್ಕೆ ಮಾತ್ರ ಬರೆದು ಕೈತೊಳೆದುಕೊಳ್ಳುವುದು ಸರಿಯಲ್ಲವೆಂದು ನನ್ನ ಎಣಿಕೆ.

ಏಕೆಂದರೆ ಕಾರಂತರಿಗೆ ಎರಡು ಕಸುಬುಗಳಿದ್ದುವು. ಬರೆಯುವುದು ಒಂದು; ಬರೆದುದನ್ನು ಪುಸ್ತಕವಾಗಿಸಿ ಓದುಗನ ಕೈಗೆ ಮುಟ್ಟಿಸುವುದು ಮತ್ತೊಂದು. ಪುತ್ತೂರಿನಲ್ಲಿ ಅವರದೇ ಹರ್ಷ ಮುದ್ರಣಾಲಯವಿತ್ತು, ಹರ್ಷ ಪ್ರಕಟಣಾಲಯವಿತ್ತು. ಇಂದಿನ ಮಕ್ಕಳಿಗೆ ಆ ಕಾಲದ ಅಚ್ಚುಕೂಟದ ಕಲ್ಪನೆ ಇರಲಾರದು. ಒಂದೊಂದು ಅಕ್ಷರಕ್ಕೂ ಸೀಸದ ಒಂದೊಂದು ಮೊಳೆ. ಅವುಗಳನ್ನು ಕೈಯಿಂದ ಹೆಕ್ಕಿ ಸಾಲು ಕಟ್ಟಬೇಕು. ನಮ್ಮ ಲಿಪಿಯ ಒತ್ತಕ್ಷರಗಳಿಂದಾಗಿ ಮೊಳೆಯ ಮನೆಗಳು ಇಂಗ್ಲಿಷಿಗಿಂತ ಹಲವು ಪಾಲು ಹೆಚ್ಚು. ಸಾಲು ಪುಟವಾಗಬೇಕು, ಕರಡು ತೆಗೆದು ತಿದ್ದಬೇಕು, ಒಂದು ಫಾರಂ ಅಚ್ಚಾದ ಮೇಲೆ ಅದೇ ಮೊಳೆಗಳನ್ನು ಬಿಡಿಸಿ ಮರಳಿ ಮನೆಗೆ ಹಾಕಿದರಷ್ಟೇ ಮುಂದಿನ ಪುಟಗಳಿಗೆ ಅಕ್ಷರ ದೊರೆಯುತ್ತಿತ್ತು. ಚಿತ್ರವೊಂದು ಬೇಕಾದರೆ ಅದಕ್ಕೆ ಬೇರೆಯೇ ಬ್ಲಾಕು ಮಾಡಿಸಬೇಕು. ಬರಹ ತಡವಾದರೂ ಮೊಳೆ ಜೋಡಿಸುವವನ ಕೂಲಿ ತಡವಾಗುವಂತಿಲ್ಲ. ಇಂತಹ ಮನೆಯ ಯಜಮಾನನೇ ಲೇಖಕನೂ ಆದಾಗ, ಸ್ಫೂರ್ತಿ ಬರಲೆಂದು ಕಾದು ಕುಳಿತುಕೊಳ್ಳುವ ಸುಖ ಅವನಿಗೆಲ್ಲಿಯದು? ಈ ಉದ್ಯಮವು ಅವರನ್ನು ಸಿರಿವಂತರನ್ನಾಗಿ ಮಾಡಲಿಲ್ಲ. 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಓದಿದವರಿಗೆ ಅವರ ಸೋಲುಗಳ ಪರಿಚಯವೂ ಉಂಟು.

ಕಾರಂತರಿಗಿಂತ ಒಂದು ತಲೆಮಾರು ಹಿಂದೆ, ಹಾವೇರಿಯ ಸೀಮೆಯಲ್ಲಿ, ಇದೇ ಎರಡನೆಯ ಕಸುಬನ್ನು ಅಕ್ಷರಶಃ ಹೆಗಲಿಗೇರಿಸಿಕೊಂಡವರು ಗಳಗನಾಥರು. 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಶಾಲಾ ಮಾಸ್ತರರು. ಅಗಡಿಯ ಆನಂದವನದಿಂದ 1907ರಲ್ಲಿ 'ಸದ್ಬೋಧ ಚಂದ್ರಿಕೆ' ಹೊರಟಾಗ ಮಾಸ್ತರಿಕೆಯನ್ನು ಬಿಟ್ಟು ಅದರ ಕೆಲಸಕ್ಕೆ ನಿಂತರು. (ಎಷ್ಟೇ ಅಲ್ಪವಾದರೂ ಸಂಬಳವನ್ನು ಬಿಡುವ ಎದೆಗಾರಿಕೆ ನನಗೆ ಬರಲಿಲ್ಲ. ನಿವೃತ್ತಿಯ ಬಳಿಕ ಬರೆಯುತ್ತೇನೆಂದು ಕಾದಿಟ್ಟ ಟಿಪ್ಪಣಿ ಪುಸ್ತಕಗಳು ಈಗಲೂ ಕಪಾಟಿನಲ್ಲಿವೆ.) ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಅವರು ಕನ್ನಡಕ್ಕೆ ತಂದರು, ಸ್ವತಂತ್ರವಾಗಿಯೂ ಬರೆದರು. ಅನುವಾದವೆಂದು ಮೂಗು ಮುರಿಯುವವರು ಮಾಸಪತ್ರಿಕೆಯ ಹಸಿವನ್ನು ಬಲ್ಲವರಲ್ಲ. ಪುಸ್ತಕಗಳು ಅಚ್ಚಾದ ಮೇಲೆ ಗಂಟು ಕಟ್ಟಿ ಹೊತ್ತು ಊರೂರು ತಿರುಗಿ ಮಾರಿದರು. ಅಂಗಡಿಯಿಲ್ಲದ ಕಡೆ ಲೇಖಕನೇ ಅಂಗಡಿಯಾದನು.

ಅ.ನ. ಕೃಷ್ಣರಾಯರ ದಾರಿ ಬೇರೆ. 1934ರಲ್ಲಿ 'ಜೀವನಯಾತ್ರೆ'ಯಿಂದ ಆರಂಭಿಸಿ 1971ರಲ್ಲಿ ತೀರಿಕೊಳ್ಳುವ ವರೆಗೆ ನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಅವಸರದ ಬರಹವೆಂಬ ಆಕ್ಷೇಪ ಅವರನ್ನು ಬಿಡಲಿಲ್ಲ. ಅದರಲ್ಲಿ ಹುರುಳಿಲ್ಲವೆಂದೂ ನಾನು ಹೇಳಲಾರೆ. ಆದರೆ ಹಸ್ತಪ್ರತಿಗೆ ಒಮ್ಮೆಗೇ ಇಷ್ಟೆಂದು ಕೊಟ್ಟು ಹಕ್ಕನ್ನು ಕೊಂಡುಕೊಳ್ಳುವ ರೂಢಿಯೂ ಆಗಿನ ಪ್ರಕಾಶಕರಲ್ಲಿತ್ತು. ಹಾಗೆ ಮಾರಿದ ಪುಸ್ತಕ ಹತ್ತು ಮುದ್ರಣ ಕಂಡರೂ ಲೇಖಕನ ಮುಂದಿನ ತಿಂಗಳಿನ ಖರ್ಚಿಗೆ ಮುಂದಿನ ಕಾದಂಬರಿಯೇ ಗತಿ.

ನಾನು ಹೈಸ್ಕೂಲಿನಲ್ಲಿದ್ದಾಗ ಪೇಟೆಯ ಅಂಗಡಿಯೊಂದರಲ್ಲಿ ಅ.ನ.ಕೃ. ಕಾದಂಬರಿಗಳು ದಿನಬಾಡಿಗೆಗೆ ಸಿಗುತ್ತಿದ್ದುವು. ರಟ್ಟು ಕಳಚಿ, ಮೊದಲ ಪುಟವೂ ಕೊನೆಯ ಪುಟವೂ ಮಾಯವಾದ ಪ್ರತಿಗಳು. ನೂರಾರು ಮಂದಿ ಓದಿ ಮೆಚ್ಚಿದ ಆ ಒಂದು ಪ್ರತಿಯಿಂದ ಲೇಖಕನಿಗೆ ಸಂದುದು ಒಂದೇ ಪ್ರತಿಯ ಪಾಲು, ಅದೂ ಸಂದಿದ್ದರೆ. ಆಗ ನನಗೆ ಈ ಲೆಕ್ಕ ಹೊಳೆಯಲಿಲ್ಲ.

ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯು ಈ ತೊಡಕಿಗೆ ಒಂದು ಉಪಾಯವನ್ನು ಬಳಕೆಗೆ ತಂದಿತು. ಓದುಗರು ಚಂದಾ ಕಟ್ಟಿ ಸದಸ್ಯರಾಗುವುದು. ವರ್ಷದ ಪುಸ್ತಕಗಳು ಅಂಚೆಯಲ್ಲಿ ಮನೆಗೆ ಬರುವುದು. ಅಚ್ಚಾಗುವ ಮೊದಲೇ ಇಂತಿಷ್ಟು ಪ್ರತಿಗಳಿಗೆ ಓದುಗರಿದ್ದಾರೆಂಬ ಭರವಸೆ ಸಿಕ್ಕಿದರೆ ಪ್ರಕಾಶಕ ಹೊಸಬನ ಪುಸ್ತಕವನ್ನೂ ಧೈರ್ಯದಿಂದ ಕೈಗೆತ್ತಿಕೊಳ್ಳಬಹುದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾವು ನಾಲ್ವರು ಅಧ್ಯಾಪಕರು ಹಣ ಕೂಡಿಸಿ, ಮನಿಯಾರ್ಡರು ಮಾಡಿ, ಒಂದೇ ಹೆಸರಿನಲ್ಲಿ ಚಂದಾದಾರರಾದೆವು. ಕೇರಳದ ಅಂಚೆ ಮುದ್ರೆ ಬಿದ್ದ ಕನ್ನಡ ಪುಸ್ತಕದ ಕಟ್ಟು ಶಾಲೆಯ ವಿಳಾಸಕ್ಕೆ ಬರುತ್ತಿತ್ತು. ಕಿರಿಯನಾದುದರಿಂದ ನನ್ನ ಸರದಿ ನಾಲ್ಕನೆಯದು. ನಾಲ್ವರಿಗೆ ಒಂದೇ ಪ್ರತಿ ಏಕೆ, ನಾಲ್ಕು ಏಕಲ್ಲ ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.